ಕಾಠ್ಮಂಡುವಿನ ಗೋಯಾತ್ರೆ

ನಮ್ಮ ಪಂಚಾಂಗದ ಶ್ರಾವಣ ಬಹುಳ ಪಾಡ್ಯವು ಸದ್ದುಗದ್ದಲವಿಲ್ಲದ ದಿನ. ಹಿಂದಿನ ದಿನ ನೂಲಹುಣ್ಣಿಮೆ. ಹೊಸ ಯಜ್ಞೋಪವೀತವನ್ನು ಧರಿಸಿದವರು ಮರುದಿನ ಬೆಳಗ್ಗೆ ಗಾಯತ್ರೀಜಪವನ್ನು ಮುಗಿಸಿ ತಮ್ಮ ತಮ್ಮ ಕೆಲಸಕ್ಕೆ ಹೊರಡುತ್ತಾರೆ. ಬೀದಿಯಲ್ಲಿ ವಿಶೇಷವೇನೂ ಕಾಣದು. ಅದೇ ಬೆಳಗ್ಗೆ ನೇಪಾಳದ ಕಣಿವೆಯ ಹಳೆಯ ನಗರಗಳಲ್ಲಿ, ಕಳೆದ ಒಂದು ವರ್ಷದೊಳಗೆ ಸಾವನ್ನು ಕಂಡ ಮನೆಗಳವರು ಬೀದಿಗಿಳಿಯುತ್ತಾರೆ. ಒಂದೊಂದು ಮನೆಯವರ ಮುಂದೆಯೂ ಅಲಂಕರಿಸಿದ ಒಂದು ಹಸು. ಹಸು ಒದಗದಿದ್ದಲ್ಲಿ ಹಸುವಿನ ವೇಷವನ್ನು ತೊಟ್ಟ ಒಂದು ಮಗು. ಸತ್ತವರ ಹೆಸರಿನಲ್ಲಿ ಊರನ್ನು ಸುತ್ತುವ ಈ ಉತ್ಸವದ ಚರಿತ್ರೆಯನ್ನು ನಾವು ಈ ಭಾಷಣದಲ್ಲಿ ಸ್ವಲ್ಪ ವಿಚಾರಮಾಡೋಣ.

ನೇಪಾಳಿ ಭಾಷೆಯಲ್ಲಿ ಇದಕ್ಕೆ ‘ಗಾಯೀ ಜಾತ್ರಾ’ ಎಂದು ಹೆಸರು. ಕಣಿವೆಯ ಹಳೆಯ ನಿವಾಸಿಗಳಾದ ನೇವಾರರು ತಮ್ಮ ನುಡಿಯಲ್ಲಿ ‘ಸಾ ಪಾರು’ ಎನ್ನುತ್ತಾರೆ. ‘ಸಾ’ ಎಂದರೆ ಹಸು. ‘ಪಾರು’ ಎಂದರೆ ಪ್ರತಿಪತ್ತು, ಅಂದರೆ ನಮ್ಮ ಪಾಡ್ಯ. ನೇವಾರರ ನುಡಿಗೂ ನಮ್ಮ ನುಡಿಗೂ ಯಾವ ನಂಟೂ ಇಲ್ಲ. ಅದು ಟಿಬೆಟ್-ಬರ್ಮಾ ವರ್ಗಕ್ಕೆ ಸೇರಿದ್ದು. ಆದರೂ ಒಂದೇ ಸಂಸ್ಕೃತ ಪದವು ಅಲ್ಲಿ ಪಾರುವಾಗಿಯೂ ಇಲ್ಲಿ ಪಾಡ್ಯವಾಗಿಯೂ ಸವೆದು ನಿಂತಿರುವುದು ಸೊಗಸಾದ ಸಂಗತಿ. ಉತ್ತರದೇಶದ ರೀತಿಯಲ್ಲಿ ಮಾಸವನ್ನು ಹುಣ್ಣಿಮೆಗೆ ಮುಗಿಸುವವರು ಈ ದಿನವನ್ನು ಭಾದ್ರಪದ ಕೃಷ್ಣ ಪಾಡ್ಯವೆನ್ನುತ್ತಾರೆ. ಮಾಸದ ಹೆಸರು ಬೇರೆ, ತಿಥಿ ಒಂದೇ.

ಕಾಠ್ಮಂಡು, ಪಾಟಣವೆಂಬ ಲಲಿತಪುರ, ಭಕ್ತಪುರ ಈ ಮೂರೂ ಒಂದಕ್ಕೊಂದು ಸಮೀಪದಲ್ಲಿರುವ ನಗರಗಳು. ಮಲ್ಲರಾಜರ ಮನೆತನವು ಒಡೆದ ಮೇಲೆ ಮೂರೂ ಪ್ರತ್ಯೇಕ ರಾಜಧಾನಿಗಳಾಗಿದ್ದುವು. ಒಬ್ಬರೊಡನೊಬ್ಬರು ಕಾದಾಡುತ್ತಿದ್ದ ಆ ಅರಸರು ದೇವಾಲಯಗಳನ್ನು ಕಟ್ಟುವುದರಲ್ಲಿಯೂ ಪರಸ್ಪರ ಸ್ಪರ್ಧಿಸಿದುದರ ಫಲವಾಗಿ, ಮೂರು ಊರುಗಳ ಅರಮನೆಯ ಅಂಗಳಗಳೂ ಇಟ್ಟಿಗೆ ಮತ್ತು ಕೆತ್ತನೆಯ ಮರದ ಅದ್ಭುತ ಕೆಲಸದಿಂದ ತುಂಬಿದುವು. 1979ರಲ್ಲಿ ಯುನೆಸ್ಕೋ ಸಂಸ್ಥೆಯು ಇವನ್ನು ಲೋಕದ ಪಿತ್ರಾರ್ಜಿತ ಸ್ಥಳಗಳ ಪಟ್ಟಿಯಲ್ಲಿ ಸೇರಿಸಿತು. ನೇವಾರರಲ್ಲಿ ಶಿವಮಾರ್ಗಿಗಳೂ ಬುದ್ಧಮಾರ್ಗಿಗಳೂ ಉಂಟು. ಸಾ ಪಾರುವಿನ ದಿನ ಈ ಭೇದವು ಬೀದಿಯಲ್ಲಿ ಕಾಣುವುದಿಲ್ಲ.

ಹಸುವೇ ಏಕೆ ಎಂಬುದನ್ನು ನಮ್ಮ ಶ್ರೋತೃಗಳಿಗೆ ವಿವರಿಸಬೇಕಾದುದಿಲ್ಲ. ಗರುಡಪುರಾಣವನ್ನು ಕೇಳಿದವರೆಲ್ಲರೂ ವೈತರಣಿಯನ್ನು ಬಲ್ಲರು. ಆ ನದಿಯನ್ನು ಹಸುವಿನ ಬಾಲವನ್ನು ಹಿಡಿದು ದಾಟಬೇಕೆಂಬ ನಂಬಿಕೆಯಿಂದಲೇ ನಮ್ಮಲ್ಲಿ ಅಪರಕ್ರಿಯೆಯ ಕಾಲದಲ್ಲಿ ಗೋದಾನ ನಡೆಯುತ್ತದೆ. ಹಸುವನ್ನು ಕೊಡಲಾರದವರು ಅದರ ಬದಲು ಕಾಸನ್ನಿಟ್ಟು ಸಂಕಲ್ಪ ಹೇಳುತ್ತಾರೆ. ನಂಬಿಕೆಯ ಬೇರು ಎರಡು ಕಡೆಯೂ ಒಂದೇ. ಆದರೆ ನಮ್ಮಲ್ಲಿ ಅದು ಕರ್ತೃವಿಗೂ ಪುರೋಹಿತನಿಗೂ ನಡುವೆ ಮನೆಯೊಳಗೆ ನಡೆದು ಮುಗಿಯುವ ಕಾರ್ಯ. ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಗೆ ನೆಂಟರಿಷ್ಟರು ಬರುತ್ತಾರೆ, ಊಟಮಾಡುತ್ತಾರೆ, ಹೊರಟುಹೋಗುತ್ತಾರೆ. ಆಮೇಲಿನ ಹನ್ನೊಂದು ತಿಂಗಳು ಆ ಮನೆಯ ದುಃಖವನ್ನು ನೆರೆಯವರು ಕೇಳುವುದು ಅಪರೂಪ. ಮಹಾಲಯ ಅಮಾವಾಸ್ಯೆಯ ದಿನವೂ ನಮ್ಮ ಬಾಗಿಲುಗಳು ಒಳಮುಖವಾಗಿಯೇ ಇರುತ್ತವೆ. ನೇಪಾಳದಲ್ಲಾದರೋ ಅದು ಬೀದಿಯ ಕಾರ್ಯ. ಮಗುವಿನ ತಲೆಗೆ ಹಸುವಿನ ಮುಖದ ಚಿತ್ರವನ್ನು ಕಟ್ಟಿ, ಮೀಸೆಯನ್ನು ಬರೆದು ಹೊರಡಿಸುತ್ತಾರೆ. ದಾರಿಯ ಇಕ್ಕೆಲಗಳಲ್ಲಿ ನಿಂತವರು ಆ ಮಗುವಿಗೆ ಹಾಲು, ಹಣ್ಣು, ಮಿಠಾಯಿ, ಚಿಲ್ಲರೆ ಕಾಸುಗಳನ್ನು ಕೊಡುತ್ತಾರೆ. ಸತ್ತವನು ತಮಗೆ ಯಾರೂ ಅಲ್ಲದಿರಬಹುದು. ಆತನ ಪ್ರಯಾಣಕ್ಕೆ ಬುತ್ತಿ ಕಟ್ಟುವವರು ಮಾತ್ರ ಇವರೇ.

ಈ ಮೆರವಣಿಗೆಯು ಹುಟ್ಟಿದ ಬಗೆಗೆ ಕಾಠ್ಮಂಡುವಿನಲ್ಲಿ ಎಲ್ಲರ ಬಾಯಲ್ಲಿಯೂ ಇರುವ ಕಥೆ ಒಂದುಂಟು. 1641ರಿಂದ 1674ರವರೆಗೆ ಅಲ್ಲಿ ಆಳಿದ ಪ್ರತಾಪಮಲ್ಲನು ತನ್ನನ್ನು ಕವೀಂದ್ರನೆಂದು ಕರೆದುಕೊಂಡ ವಿದ್ಯಾಭಿಮಾನಿ. ಅರಮನೆಯ ಗೋಡೆಯ ಮೇಲೆ ಹದಿನೈದು ಭಾಷೆ ಲಿಪಿಗಳನ್ನು ಬೆರೆಸಿ 1654ರಲ್ಲಿ ಶಾಸನ ಕೆತ್ತಿಸಿದವನು. ಆತನ ಮಗ ಚಕ್ರವರ್ತೇಂದ್ರನು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಆನೆಯ ಕಾಲಿಗೆ ಸಿಕ್ಕಿ ಸತ್ತನೆಂದು ಕೆಲವರು ಹೇಳುತ್ತಾರೆ. ತಂದೆಯು ಬದುಕಿರುವಾಗಲೇ ಮಕ್ಕಳನ್ನು ಸರದಿಯ ಮೇಲೆ ಸಿಂಹಾಸನದಲ್ಲಿ ಕೂರಿಸಿದನೆಂದೂ, ಚಕ್ರವರ್ತೇಂದ್ರನು ಪಟ್ಟವೇರಿದ ಮರುದಿನವೇ ಮಡಿದನೆಂದೂ ವಂಶಾವಳಿಯು ಹೇಳುತ್ತದೆ. ಹೇಗಾದರೂ ಇರಲಿ, ರಾಣಿಯು ಅನ್ನನೀರುಗಳನ್ನು ಬಿಟ್ಟು ಕುಳಿತಳು. ಸಾಂತ್ವನದ ಮಾತುಗಳೆಲ್ಲ ವ್ಯರ್ಥವಾದುವು. ಆಗ ಅರಸನು, ಆ ವರ್ಷ ಯಾರಾರ ಮನೆಯಲ್ಲಿ ಸಾವಾಗಿದೆಯೋ ಅವರೆಲ್ಲರೂ ಪಾಡ್ಯದ ದಿನ ಅರಮನೆಯ ಮುಂದೆ ಮೆರವಣಿಗೆಯಲ್ಲಿ ಹಾದುಹೋಗಬೇಕೆಂದು ಸಾರಿಸಿದನು. ರಾಣಿಯನ್ನು ನಗಿಸಿದವರಿಗೆ ಬಹುಮಾನವೆಂದೂ ಹೇಳಿಸಿದನಂತೆ. ಕಿಟಕಿಯಲ್ಲಿ ಕುಳಿತಿದ್ದ ರಾಣಿಯ ಕಣ್ಣ ಮುಂದೆ ಒಂದಾದ ಮೇಲೊಂದು ಮನೆಯ ದುಃಖವು ಸಾಗಿತು. ಕಡೆಗೆ ಯಾರದೋ ವಿಕಟವೇಷವನ್ನು ಕಂಡು ಆಕೆ ನಕ್ಕಳು.

ಇದರಲ್ಲಿ ಚರಿತ್ರೆಯೆಷ್ಟು, ಕಥೆಯೆಷ್ಟು? ಚಕ್ರವರ್ತೇಂದ್ರನ ಹೆಸರಿನ ನಾಣ್ಯಗಳು ದೊರೆತಿವೆ. ರಾಣಿಯ ಸಮಾಧಾನಕ್ಕಾಗಿ ಅರಸನು 1670ರಲ್ಲಿ ಪ್ರತಿಷ್ಠೆಮಾಡಿಸಿ, ಅನೇಕ ಪುಣ್ಯತೀರ್ಥಗಳ ನೀರನ್ನು ತರಿಸಿ ತುಂಬಿಸಿದ ‘ರಾಣೀ ಪೋಖರಿ’ ಎಂಬ ಕೊಳವು ನಗರದ ಮಧ್ಯದಲ್ಲಿ ಇಂದಿಗೂ ಇದೆ. ಅದರ ದಕ್ಷಿಣದ ದಂಡೆಯಲ್ಲಿ ಕಲ್ಲಿನ ಆನೆಯೊಂದು ನಿಂತಿದೆ; ಅದರ ಬೆನ್ನ ಮೇಲಿರುವವರು ಪ್ರತಾಪಮಲ್ಲನೂ ಆತನ ಮಕ್ಕಳೂ ಎಂದು ಹೇಳುವುದುಂಟು. ಕೊಳಕ್ಕೆ ಕಲ್ಲಿನ ಸಾಕ್ಷಿಯಿದೆ. ಮೆರವಣಿಗೆಯ ಆಜ್ಞೆಗೆ ಇರುವುದು ಬಾಯಿಮಾತಿನ ಸಾಕ್ಷಿ. ಹಸುವನ್ನು ನಡೆಯಿಸುವ ವಾಡಿಕೆಯು ಪ್ರತಾಪಮಲ್ಲನಿಗಿಂತ ಹಳೆಯದೆಂದೂ, ವಿನೋದದ ವೇಷಗಳು ಮಾತ್ರ ಆತನ ಕಾಲದಲ್ಲಿ ಸೇರಿದುವೆಂದೂ ಅನೇಕ ವಿದ್ವಾಂಸರು ಭಾವಿಸುತ್ತಾರೆ. ನಮಗೂ ಇದೇ ಯುಕ್ತವೆಂದು ತೋರುತ್ತದೆ. ಅರಸನ ಡಂಗುರದಿಂದ ಹುಟ್ಟಿದ ಹಬ್ಬವು ಅರಸನೊಂದಿಗೆ ಸಾಯುವುದೇ ಹೆಚ್ಚು. ಮಲ್ಲರು 1768-69ರಲ್ಲಿ ಗೂರ್ಖರಿಗೆ ಸೋತುಹೋದರು. ಗೂರ್ಖರ ಶಾಹವಂಶದ ದೊರೆತನವೂ 2008ರಲ್ಲಿ ಕೊನೆಗೊಂಡಿತು. ಹಸುಗಳ ಸಾಲು ಮಾತ್ರ ನಿಂತಿಲ್ಲ.

ಇಲ್ಲಿ ಕನ್ನಡಿಗರಿಗೆ ಆಸಕ್ತಿ ಹುಟ್ಟಿಸುವ ಮಾತೊಂದನ್ನು ಹೇಳಿ ಮುಂದೆ ಹೋಗೋಣ. ಪ್ರತಾಪಮಲ್ಲನ ಶಾಸನಗಳು ಆತನ ವಂಶವನ್ನು ನಾನ್ಯದೇವನವರೆಗೆ ಒಯ್ಯುತ್ತವೆ. ಈ ನಾನ್ಯದೇವನು 1097ರಲ್ಲಿ ಮಿಥಿಲೆಯ ಸೀಮೆಯ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ ಕರ್ಣಾಟ ಕುಲದವನು. ಕಲ್ಯಾಣದ ಚಾಲುಕ್ಯರ ದಂಡಿನೊಡನೆ ಉತ್ತರಕ್ಕೆ ಹೋದ ಕನ್ನಡ ವೀರರ ಪೈಕಿಯವನೆಂಬುದು ಚರಿತ್ರಕಾರರಲ್ಲಿ ಬಹುಜನರ ಊಹೆ. ಸಂಗೀತಶಾಸ್ತ್ರದ ಮೇಲೆ ‘ಭರತಭಾಷ್ಯ’ವನ್ನು ಬರೆದವನೂ ಇವನೇ. ಆ ಕುಲದ ಹರಿಸಿಂಹದೇವನು 1324ರ ಸುಮಾರಿನಲ್ಲಿ ದೆಹಲಿಯ ತುಘಲಕನ ದಾಳಿಗೆ ಸಿಕ್ಕಿ ರಾಜ್ಯವನ್ನು ಕಳೆದುಕೊಂಡು ಬೆಟ್ಟಗಳ ಕಡೆಗೆ ಓಡಿದನು. ಆತನು ದಾರಿಯಲ್ಲಿಯೇ ತೀರಿಕೊಳ್ಳಲು, ಪತ್ನಿಯಾದ ದೇವಲದೇವಿಯು ಭಕ್ತಪುರದಲ್ಲಿ ಆಶ್ರಯ ಪಡೆದಳು. ಆಕೆಯ ಮೊಮ್ಮಗಳಾದ ರಾಜಲ್ಲದೇವಿಯ ಕೈಹಿಡಿದವನೇ ಜಯಸ್ಥಿತಿಮಲ್ಲ. ಹೀಗೆ, ಮಲ್ಲರ ಮನೆತನದಲ್ಲಿ ಕರ್ಣಾಟದ ರಕ್ತವು ಬೆರೆತುದು ಗಂಡನನ್ನೂ ನಾಡನ್ನೂ ಕಳೆದುಕೊಂಡ ಒಬ್ಬ ವಿಧವೆಯ ಮೂಲಕ. ಇದರಿಂದ ಗೋಯಾತ್ರೆಯು ಕನ್ನಡಿಗರ ಹಬ್ಬವಾಗಲಿಲ್ಲ. ಅಂಥ ಹೆಮ್ಮೆ ನಮಗೆ ಬೇಡ. ಅದು ನೇವಾರರದೇ.

ನಗುವಿನ ವಿಚಾರವನ್ನು ನಾವು ಅರ್ಧಕ್ಕೆ ಬಿಟ್ಟೆವು. ಸಾವಿನ ಹಬ್ಬದಲ್ಲಿ ವಿನೋದವೇ ಎಂದು ಕೇಳುವವರು ಇರಬಹುದು. ರಾಣಿಯನ್ನು ನಗಿಸಲು ಕೊಟ್ಟರೆನ್ನಲಾದ ಸ್ವಾತಂತ್ರ್ಯವನ್ನು ಊರಿನವರು ಮರಳಿ ಒಪ್ಪಿಸಲಿಲ್ಲ. ಅಧಿಕಾರಿಗಳನ್ನೂ ಮಂತ್ರಿಗಳನ್ನೂ ಅಣಕಿಸುವ ವೇಷಗಳು ಆ ದಿನ ಬೀದಿಗೆ ಬರುತ್ತವೆ. ಪತ್ರಿಕೆಗಳು ಪರಿಹಾಸ್ಯದ ವಿಶೇಷ ಸಂಚಿಕೆಗಳನ್ನು ಹೊರಡಿಸುತ್ತವೆ. 1960ರಿಂದ 1990ರವರೆಗೆ ರಾಜಕೀಯ ಪಕ್ಷಗಳನ್ನೇ ನಿಷೇಧಿಸಿದ್ದ ಪಂಚಾಯತ್ ಆಡಳಿತದಲ್ಲಿ, ಉಳಿದ ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವರು ಗೋಯಾತ್ರೆಯ ನೆಪದಲ್ಲಿ ಒಂದೆರಡು ಮಾತನ್ನು ಆಡಿಬಿಡುತ್ತಿದ್ದರು. ಈ ಶತಮಾನದಲ್ಲಿ, ಸಮಾಜವು ಹೊರಗಿಟ್ಟ ಲೈಂಗಿಕ ಅಲ್ಪಸಂಖ್ಯಾತರು ಇದೇ ದಿನ ಕಾಠ್ಮಂಡುವಿನಲ್ಲಿ ತಮ್ಮದೊಂದು ಮೆರವಣಿಗೆಯನ್ನು ನಡೆಸಿ, ತಮ್ಮವರಲ್ಲಿ ತೀರಿಕೊಂಡವರನ್ನು ಸ್ಮರಿಸುತ್ತ ಬಂದಿದ್ದಾರೆ. ಹಳೆಯ ಹಬ್ಬದಲ್ಲಿ ಹೊಸಬರಿಗೂ ಎಡೆಯಿದೆ.

ಆದರೆ ಗೋಯಾತ್ರೆಯ ಪೂರ್ಣರೂಪವನ್ನು ಕಾಣಬೇಕಾದರೆ ಭಕ್ತಪುರಕ್ಕೆ ಹೋಗಬೇಕು. ಅಲ್ಲಿ ಹಸುವಿನ ಬದಲು ‘ತಾಹಾ ಮಚಾ’ ಎಂಬ ಎತ್ತರವಾದ ಬಿದಿರಿನ ತೇರನ್ನು ಕಟ್ಟುತ್ತಾರೆ. ಅದಕ್ಕೆ ಬಟ್ಟೆಯನ್ನು ಸುತ್ತಿ, ಮೇಲೆ ಹುಲ್ಲಿನ ಕೊಂಬುಗಳನ್ನಿಟ್ಟು, ಹಸುವಿನ ಮುಖವನ್ನು ಬರೆದು, ನಡುವೆ ಸತ್ತವರ ಭಾವಚಿತ್ರವನ್ನು ತೂಗುಹಾಕುತ್ತಾರೆ. ಸತ್ತವಳು ಹೆಂಗಸಾದರೆ, ನೇವಾರ ಸ್ತ್ರೀಯರು ಉಡುವ ಕೆಂಪಂಚಿನ ಕರಿಯ ಸೀರೆಯನ್ನೇ ಸುತ್ತುವುದುಂಟು. ಮನೆಯವರು ಅದನ್ನು ಹೆಗಲ ಮೇಲೆ ಹೊತ್ತು ಊರನ್ನು ಸುತ್ತುತ್ತಾರೆ. ಮುಂದೆ ‘ಘಿಂತಾಂಗ್ ಘಿಸಿ’ ಎಂಬ ಕುಣಿತ. ಎರಡು ಸಾಲಾಗಿ ಎದುರುಬದುರು ನಿಂತವರು ಕೈಯ ಕೋಲುಗಳನ್ನು ಹೊಡೆದುಕೊಳ್ಳುತ್ತ ನಡೆಯುವ ಈ ಆಟವು ನಮ್ಮ ಕೋಲಾಟವನ್ನು ನೆನಪಿಗೆ ತರುತ್ತದೆ. ಹೆಸರು ಬಂದಿರುವುದು ವಾದ್ಯದ ಗತ್ತಿನ ಸದ್ದಿನಿಂದ. ಒಂದು ತೇರಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಆ ವರ್ಷ ಊರು ಎಷ್ಟು ಜನರನ್ನು ಕಳೆದುಕೊಂಡಿತೆಂಬುದನ್ನು ಯಾವ ದಫ್ತರವನ್ನೂ ತೆರೆಯದೆ ಕಣ್ಣಿನಿಂದಲೇ ಎಣಿಸಬಹುದು. ಕುಣಿತವೂ ವೇಷಗಳೂ ಅಷ್ಟಮಿಯವರೆಗೆ, ಎಂದರೆ ನಮ್ಮ ಕೃಷ್ಣಜಯಂತಿಯವರೆಗೆ, ಮುಂದುವರಿಯುತ್ತವೆ.

ಪಾಟಣದ ಬುದ್ಧಮಾರ್ಗಿಗಳು ಗೋಯಾತ್ರೆಯ ಬೆನ್ನಿಗೇ ‘ಮತಯಾ’ ಎಂಬ ದೀಪಯಾತ್ರೆಯನ್ನು ಆಚರಿಸುತ್ತಾರೆ. ಅಗಲಿದವರ ಹೆಸರಿನಲ್ಲಿ ದೀಪಧೂಪಗಳನ್ನು ಹಿಡಿದು, ಬರಿಗಾಲಿನಲ್ಲಿ, ಓಣಿಗಳಲ್ಲಿಯೂ ಒಳಾಂಗಳಗಳಲ್ಲಿಯೂ ಇರುವ ಸಾವಿರಕ್ಕೂ ಮಿಕ್ಕಿದ ಚೈತ್ಯಗಳನ್ನು ಒಂದೇ ದಿನದಲ್ಲಿ ದರ್ಶಿಸುವುದು ಇದರ ಕ್ರಮ. ಊರಿನ ಹತ್ತು ಕೇರಿಗಳವರು ಸರದಿಯ ಮೇಲೆ ಇದರ ಭಾರವನ್ನು ಹೊರುತ್ತಾರೆ.

2015ನೆಯ ಏಪ್ರಿಲ್ 25ರಂದು ನಡುಹಗಲಿನಲ್ಲಿ ನೇಪಾಳದ ಭೂಮಿ ನಡುಗಿತು. ಸುಮಾರು 9,000 ಜನರು ಸತ್ತರು. ಕಾಠ್ಮಂಡುವಿಗೆ ಹೆಸರನ್ನು ಕೊಟ್ಟ ಕಾಷ್ಠಮಂಟಪವು ಕುಸಿಯಿತು. ಭಕ್ತಪುರದ ಅರಮನೆಯ ಅಂಗಳದಲ್ಲಿ ವತ್ಸಲಾದುರ್ಗೆಯ ಗುಡಿ ನೆಲಸಮವಾಯಿತು. ಇಟ್ಟಿಗೆಯ ಹಳೆಯ ಮನೆಗಳು ಸಾಲುಸಾಲಾಗಿ ಬಿದ್ದುವು. ಆ ವರ್ಷದ ಪಾಡ್ಯವು ಆಗಸ್ಟ್ 30ರಂದು ಬಂದಿತು. ಹಬ್ಬವನ್ನು ಬಿಡಲಿಲ್ಲ. ಭೂಕಂಪದಲ್ಲಿ ಮಡಿದವರ ಚಿತ್ರಗಳನ್ನು ಹೊತ್ತ ಮನೆಯವರು, ಬಿರುಕುಬಿಟ್ಟ ಗೋಡೆಗಳ ನಡುವೆ, ಅದೇ ಹಳೆಯ ದಾರಿಯಲ್ಲಿ ನಡೆದರು.

ರಾಣಿಯ ಕೊಳದ ನಡುವಿನ ಗುಡಿಯೂ ಆ ಭೂಕಂಪದಲ್ಲಿ ಕೆಟ್ಟಿತು. ಜೀರ್ಣೋದ್ಧಾರದಲ್ಲಿ ಕಾಂಕ್ರೀಟನ್ನು ಬಳಸತೊಡಗಿದಾಗ ಪೌರರು ಪ್ರತಿಭಟಿಸಿ ಕೆಲಸವನ್ನು ನಿಲ್ಲಿಸಿದರು. ಇಟ್ಟಿಗೆ ಗಾರೆಗಳ ಹಳೆಯ ಕ್ರಮದಲ್ಲಿಯೇ ಕಟ್ಟಿಸಿ 2020ರಲ್ಲಿ ಮುಗಿಸಿದರು. ಕೊಳದ ಸುತ್ತಲೂ ಕಬ್ಬಿಣದ ಬೇಲಿಯಿದೆ. ಗುಡಿಯ ಬಾಗಿಲು ಜನರಿಗೆ ತೆರೆಯುವುದು ವರ್ಷಕ್ಕೊಮ್ಮೆ, ಯಮದ್ವಿತೀಯೆಯಂದು, ನಮ್ಮಲ್ಲಿ ಭಗಿನೀ ಹಸ್ತಭೋಜನವೆಂದು ಕರೆಯುವ ದಿನ. ಅಂದು ಅಣ್ಣತಮ್ಮಂದಿರಾಗಲಿ ಅಕ್ಕತಂಗಿಯರಾಗಲಿ ಇಲ್ಲದವರು ಸೇತುವೆಯನ್ನು ದಾಟಿ ಒಳಗೆ ಹೋಗಿ, ದೇವರ ಸನ್ನಿಧಿಯಲ್ಲಿ ಹಣೆಗೆ ತಿಲಕವಿಡಿಸಿಕೊಂಡು ಬರುತ್ತಾರೆ.