ಮಸ್ಕಿಯ ಬಂಡೆ, ವೆಟ್ಸ್ಲಾರ್‌ನ ಕ್ಯಾಮೆರಾ

1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಗುರುತಿಸಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರೂ ಕಂಡದ್ದು ಇಲ್ಲಿಯೇ ಮೊದಲು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಓದಿ ಪ್ರಕಟಿಸಿದರು.

ಆಗ ಶಾಸನಕ್ಕೆ ನಂಬಿಕೆಯ ದಾಖಲೆಯೆಂದರೆ ಮಸಿಯಚ್ಚು. ನೆನೆಸಿದ ಕಾಗದವನ್ನು ಬಂಡೆಗೆ ಹಾಸಿ, ಅಕ್ಷರದ ಗುಳಿಗೆ ಇಳಿಯುವಂತೆ ಬಡಿದು, ಮೇಲೆ ಮಸಿ ಒತ್ತುತ್ತಿದ್ದರು. ಫೋಟೊ ಬೇಕಾದರೆ ಭಾರದ ಕ್ಯಾಮೆರಾ, ಗಾಜಿನ ಪ್ಲೇಟು, ಮೂರುಕಾಲಿನ ಸ್ಟ್ಯಾಂಡು ಹೊರಬೇಕು. ಮಸ್ಕಿ ಇರುವ ಸಿಂಧನೂರು, ಲಿಂಗಸುಗೂರು ಸೀಮೆಯ ಬಿಸಿಲು ಬಲ್ಲವರಿಗೆ ಇದರ ಕಷ್ಟ ಹೇಳಬೇಕಿಲ್ಲ.

ಅದೇ ಭಾರ ಜರ್ಮನಿಯಲ್ಲೊಬ್ಬನನ್ನು ಕಾಡುತ್ತಿತ್ತು. 1879ರಲ್ಲಿ ಹುಟ್ಟಿದ ಆಸ್ಕರ್ ಬರ್ನಾಕ್‌ಗೆ ಉಬ್ಬಸ. ಅವನು ಕಾಲೇಜಿನ ವಿನ್ಯಾಸಕಾರನಲ್ಲ. ಬರ್ಲಿನ್ ಬಳಿಯ ಕುಶಲ ಯಂತ್ರಗಾರನ ಕೈಕೆಳಗೆ ಅರ, ಲೇತುಗಳ ಮೇಲೆ ಕೈ ಪಳಗಿಸಿಕೊಂಡು, ಯೇನಾ ಊರಿನ ಝೈಸ್ ಕಾರ್ಖಾನೆಯಲ್ಲಿ ದುಡಿದು, 1911ರಲ್ಲಿ ವೆಟ್ಸ್ಲಾರ್‌ನ ಲೈಟ್ಸ್ ಕಂಪನಿ ಸೇರಿದವನು. ಸೂಕ್ಷ್ಮದರ್ಶಕ ತಯಾರಿಸುವ ಆ ಕಂಪನಿಯ ಪ್ರಯೋಗ ವಿಭಾಗ ಅವನ ಪಾಲಿಗೆ ಬಂತು.

ಕ್ಯಾಮೆರಾದ ಭಾರ ಇಳಿಸಲು ಬರ್ನಾಕ್ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ ಎರಡು ಚೌಕಟ್ಟಿನ ಜಾಗವನ್ನು ಒಂದು ಮಾಡಿದ: 24×36 ಮಿಲಿಮೀಟರ್. ಸಣ್ಣ ನೆಗೆಟಿವ್, ಆಮೇಲೆ ದೊಡ್ಡ ಚಿತ್ರ. 1914ರ ಹೊತ್ತಿಗೆ ಇಂಥ ಕ್ಯಾಮೆರಾದ ಮಾದರಿ ಕೈಯಲ್ಲಿತ್ತು. ನಡುವೆ ಮಹಾಯುದ್ಧ. ಮ್ಯಾಕ್ಸ್ ಬೆರೆಕ್ ರೂಪಿಸಿದ ಲೆನ್ಸ್ ಹೊತ್ತ ‘ಲೈಕಾ’ 1925ರ ಲೈಪ್ಜಿಗ್ ಮೇಳದಲ್ಲಿ ಜನರೆದುರು ಬಂದಾಗ, ಮಸ್ಕಿಯ ಶಾಸನ ಬೆಳಕಿಗೆ ಬಂದು ಹತ್ತು ವರ್ಷವಾಗಿತ್ತು.