ದಿನಾ ಓಡಿಸೋ ಸ್ಪೋರ್ಟ್ಸ್ ಕಾರು ಯಾವ್ದು? ಹಿರೋಶಿಮಾ ಕೊಟ್ಟ ಉತ್ತರ

1/7
ಡಿಎಂನಲ್ಲಿ ಪದೇ ಪದೇ ಬರೋ ಪ್ರಶ್ನೆ ಇದು: ಮಜಾನೂ ಇರ್ಬೇಕು, ಬೆಳಿಗ್ಗೆ ಆಫೀಸಿಗೂ ತಗೊಂಡು ಹೋಗ್ಬೇಕು, ಅಂಥ ಸ್ಪೋರ್ಟ್ಸ್ ಕಾರು ಯಾವ್ದು? ಕೇಳೋರೆಲ್ಲ ಹಾರ್ಸ್‌ಪವರ್‌ನಿಂದ ಶುರು ಮಾಡ್ತಾರೆ. ನಾನು 1945ರಿಂದ ಶುರು ಮಾಡ್ತೀನಿ. ಯಾಕಂದ್ರೆ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗೋಕೆ ಕಾರ್ ಕಂಪನಿಗಳಿಗೇ ಹೆಚ್ಚುಕಡಿಮೆ 45 ವರ್ಷ ಹಿಡೀತು.

ಮೊದಲ ಫೋಟೋದಲ್ಲಿರೋದು ಎಂಜಿ ಟಿಸಿ. ಹೌದು, ನಮ್ಮ ರಸ್ತೆಯ ಹೆಕ್ಟರ್ ಮೇಲಿರೋ ಅದೇ ಎಂಜಿ. ಆಗ ಅದು ಅಪ್ಪಟ ಬ್ರಿಟಿಷ್ ಕಂಪನಿ, ಕಾರ್ಖಾನೆ ಇದ್ದದ್ದು ಅಬಿಂಗ್ಡನ್ ಅನ್ನೋ ಸಣ್ಣ ಊರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಅಮೆರಿಕನ್ ಸೈನಿಕರು ಈ ಪುಟ್ಟ ಎಂಜಿಗಳಿಗೆ ಮನಸೋತರು. ಅವರ ದೇಶದಲ್ಲಿ ಕಾರು ಅಂದ್ರೆ ಹಡಗಿನಷ್ಟು ದೊಡ್ಡದು. ಇದೋ ಎರಡೇ ಸೀಟು, 1250 ಸಿಸಿ ಎಂಜಿನ್, ಮೇಲೆ ಬರೀ ಬಟ್ಟೆಯ ಛಾವಣಿ. ವೇಗ ಏನೂ ಇರ್ಲಿಲ್ಲ. ಆದ್ರೆ ತಿರುವಲ್ಲಿ ಕಾರು ಕೈಯಲ್ಲೇ ಇದ್ದಂಗೆ ಅನಿಸ್ತಿತ್ತು. ಈ ಒಂದು ಅನಿಸಿಕೆಯಿಂದ ಒಂದು ಮಾರುಕಟ್ಟೆನೇ ಹುಟ್ಟಿತು.

2/7
ಮುಂದಿನ ಮೂವತ್ತು ವರ್ಷ ಆ ಮಾರುಕಟ್ಟೆ ಹೆಚ್ಚಾಗಿ ಬ್ರಿಟಿಷರದ್ದೇ. ಟ್ರಯಂಫ್, ಆಸ್ಟಿನ್-ಹೀಲಿ, 1962ರಲ್ಲಿ ಬಂದ ಲೋಟಸ್ ಎಲಾನ್, ಅದೇ ವರ್ಷದ ಎಂಜಿಬಿ. ಎಂಜಿಬಿ ಒಂದೇ 5 ಲಕ್ಷಕ್ಕೂ ಜಾಸ್ತಿ ತಯಾರಾಯ್ತು.

ತೊಂದರೆ ಏನು ಗೊತ್ತಾ? ಭಾನುವಾರ ಸ್ವರ್ಗ, ಸೋಮವಾರ ನರಕ. ಎಣ್ಣೆ ಸೋರೋದು, ಮಳೆ ನೀರು ಒಳಗೆ ಬರೋದು, ಲೈಟು ಇದ್ದಕ್ಕಿದ್ದಂತೆ ಆರಿಹೋಗೋದು. ವೈರಿಂಗ್ ಮಾಡ್ತಿದ್ದ ಲ್ಯೂಕಸ್ ಕಂಪನಿಗೆ 'ಕತ್ತಲೆಯ ರಾಜಕುಮಾರ' ಅಂತ ಅಡ್ಡಹೆಸರೇ ಬಿದ್ದಿತ್ತು. ಎರಡನೇ ಕಾರು ಇದ್ದೋರಿಗೆ ಇದೆಲ್ಲ ತಮಾಷೆ. ಇರೋದೇ ಒಂದು ಕಾರು ಅನ್ನೋರಿಗೆ ಅಲ್ಲ.

ಆಮೇಲೆ ಅಮೆರಿಕದ ಸುರಕ್ಷತಾ ನಿಯಮಗಳು ಬಿಗಿಯಾದವು. 1974ರಲ್ಲಿ ಎಂಜಿಬಿಗೆ ದಪ್ಪ ಕಪ್ಪು ರಬ್ಬರ್ ಬಂಪರ್ ಬಂತು, ಕಾರನ್ನ ಎತ್ತರ ಮಾಡಿದ್ರು. ತಿರುವಿನ ಮಜಾ, ಅಂದ್ರೆ ಆ ಕಾರಿನ ಬಂಡವಾಳವೇ ಹೋಯ್ತು. 1980ರಲ್ಲಿ ಅಬಿಂಗ್ಡನ್ ಕಾರ್ಖಾನೆಗೆ ಬೀಗ.

3/7
ಇದೇ ಹೊತ್ತಲ್ಲಿ ಜರ್ಮನಿಯವರು ಬೇರೆ ಲೆಕ್ಕ ಹಾಕಿದ್ರು. ಮೂರನೇ ಫೋಟೋ: 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ಸ್ಪೋರ್ಟ್ಸ್ ಕಾರನ್ನ ದಿನಬಳಕೆಗೆ ಒಗ್ಗಿಸೋ ಬದಲು, ದಿನಬಳಕೆ ಕಾರನ್ನೇ ಸ್ಪೋರ್ಟಿ ಮಾಡೋಣ ಅಂತ. ಅದೇ ಫ್ಯಾಮಿಲಿ ಹ್ಯಾಚ್‌ಬ್ಯಾಕ್, 1.6 ಲೀಟರ್ ಎಂಜಿನ್, 110 ಹಾರ್ಸ್‌ಪವರ್, ಚೌಕುಳಿ ಬಟ್ಟೆಯ ಸೀಟು, ಗಾಲ್ಫ್ ಚೆಂಡಿನಂಥ ಗೇರ್ ನಾಬ್. 5,000 ಮಾರಿದ್ರೆ ಸಾಕು ಅಂದ್ಕೊಂಡಿದ್ರು. ಮೊದಲ ಪೀಳಿಗೆಯೇ 4.6 ಲಕ್ಷ ದಾಟಿತು. ಡಿಮ್ಯಾಂಡ್ ಫೋರ್‌ಕಾಸ್ಟಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಇಲ್ಲ ಬಿಡಿ.

ಇರೋದು ಒಂದೇ ಪಾರ್ಕಿಂಗ್ ಜಾಗ, ಮನೇಲಿ ನಾಲ್ಕು ಜನ ಅಂದ್ರೆ ಇವತ್ತಿಗೂ ಜಿಟಿಐ ದಾರಿಯೇ ಸರಿ. ಆದ್ರೆ ತಲೆಮೇಲೆ ಆಕಾಶ, ಹಿಂದಿನ ಚಕ್ರಕ್ಕೆ ಪವರ್, ಆ ಎಂಜಿ ಅನುಭವ ಇದ್ರಲ್ಲಿ ಇಲ್ಲ. ಆ ಜಾಗ ಖಾಲಿಯಾಗೇ ಉಳೀತು.

4/7
ಈಗ ಹಿರೋಶಿಮಾ. ಮಜ್ದಾ ಅಲ್ಲಿಯ ಕಂಪನಿ. ಅಲ್ಲಿ ರೋಟರಿ ಎಂಜಿನ್ ಕಟ್ಟಿದ ತಂಡದ ನಾಯಕ ಕೆನಿಚಿ ಯಮಾಮೊಟೊ. 1979ರಲ್ಲಿ ಅವರನ್ನ ಬಾಬ್ ಹಾಲ್ ಅನ್ನೋ ಅಮೆರಿಕನ್ ಆಟೋ ಪತ್ರಕರ್ತ ಭೇಟಿಯಾದರು. ಹಾಲ್‌ಗೆ ಜಪಾನಿ ಭಾಷೆ ಬರ್ತಿತ್ತು. ನೀವು ಯಾವ ಕಾರು ಮಾಡ್ಬೇಕು ಅನ್ನೋ ಮಾತು ಬಂದಾಗ, ಹಳೇ ಬ್ರಿಟಿಷ್ ಥರದ ಹಗುರ, ಅಗ್ಗದ, ತೆರೆದ ಸ್ಪೋರ್ಟ್ಸ್ ಕಾರು ಮಾಡಿ ಅಂತ ಹೇಳಿ ಬೋರ್ಡ್ ಮೇಲೆ ಚಿತ್ರ ಬರೆದು ತೋರ್ಸಿದ್ರು. ಪತ್ರಕರ್ತರ ಇಂಥ ಸಲಹೆ ಸಾಮಾನ್ಯವಾಗಿ ಟೀ ಜೊತೆಗೇ ಮುಗಿಯುತ್ತೆ. ಇದು ಮುಗೀಲಿಲ್ಲ. ಎರಡು ವರ್ಷದಲ್ಲಿ ಹಾಲ್ ಮಜ್ದಾದ ಅಮೆರಿಕ ಕಚೇರಿಗೇ ಕೆಲಸಕ್ಕೆ ಸೇರಿದ್ರು. 1984ರಲ್ಲಿ ಯಮಾಮೊಟೊ ಕಂಪನಿಯ ಅಧ್ಯಕ್ಷರಾದ್ರು.

ಒಳಗೊಳಗೇ ಸ್ಪರ್ಧೆ ನಡೀತು. ಟೋಕಿಯೊ ತಂಡ ಎರಡು ಯೋಜನೆ ಇಟ್ಟಿತು: ಒಂದು ಫ್ರಂಟ್ ವೀಲ್ ಡ್ರೈವ್, ಇನ್ನೊಂದು ಎಂಜಿನ್ ಮಧ್ಯದಲ್ಲಿರೋದು. ಕ್ಯಾಲಿಫೋರ್ನಿಯಾ ತಂಡದ್ದು ಹಳೇ ಸೂತ್ರ, ಎಂಜಿನ್ ಮುಂದೆ, ಪವರ್ ಹಿಂದೆ. ಕಾಸ್ಟ್ ಅಕೌಂಟಿಂಗ್ ಓದ್ತಿರೋನಾಗಿ ಹೇಳ್ತೀನಿ, ಕಾಗದದ ಮೇಲೆ ಫ್ರಂಟ್ ವೀಲ್ ಡ್ರೈವ್‌ದೇ ಗೆಲ್ಲೋ ಲೆಕ್ಕ. ಇರೋ ಫ್ಯಾಮಿಲಿ ಕಾರಿನ ಭಾಗಗಳನ್ನ ಹಾಗೇ ಎತ್ತಿ ಹಾಕ್ಬಹುದಿತ್ತು. ಗೆದ್ದದ್ದು ಕ್ಯಾಲಿಫೋರ್ನಿಯಾ. ಓಡೋ ಮೊದಲ ಮಾದರಿಯನ್ನ ಕಟ್ಟಿಸಿದ್ದು ಎಲ್ಲಿ ಗೊತ್ತಾ? ಇಂಗ್ಲೆಂಡಿನ ವರ್ದಿಂಗ್‌ನಲ್ಲಿ!

5/7
ಯೋಜನೆಯ ಮುಖ್ಯ ಎಂಜಿನಿಯರ್ ತೊಶಿಹಿಕೊ ಹಿರಾಯ್ ಹಿಡಿದುಕೊಂಡ ಮಂತ್ರ 'ಜಿಂಬಾ ಇತ್ತೈ', ಅಂದ್ರೆ ಕುದುರೆ, ಸವಾರ ಒಂದೇ ಮೈ. ಪೋಸ್ಟರ್ ಡೈಲಾಗ್ ಥರ ಕೇಳ್ಸುತ್ತೆ, ಆದ್ರೆ ದುಡ್ಡು ಎಲ್ಲಿ ಖರ್ಚಾಯ್ತು ಅಂತ ನೋಡಿ. ಎಂಜಿನ್ ಹೊಸದಲ್ಲ, ಮಜ್ದಾ 323 ಅನ್ನೋ ಸಾದಾ ಕಾರಿನ ಮೂಲದ 1.6 ಲೀಟರ್. ಅಮೆರಿಕದಲ್ಲಿ ಬರೀ 116 ಹಾರ್ಸ್‌ಪವರ್. ಉಳಿಸಿದ ದುಡ್ಡು ಹೋಗಿದ್ದು ಕಣ್ಣಿಗೆ ಕಾಣದ ಕಡೆ: ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಲ್ಯೂಮಿನಿಯಂ ಬಾನೆಟ್, ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಬೆಸೆಯೋ ಒಂದು ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು. ಈ ಚೌಕಟ್ಟು ಇರೋದ್ರಿಂದ ಕಾಲಲ್ಲಿ ಒತ್ತಿದ್ದು ತಕ್ಷಣ ಬೆನ್ನಿಗೆ ತಾಗುತ್ತೆ. ಒಟ್ಟು ತೂಕ ಒಂದು ಟನ್ನಿಗಿಂತ ಕಮ್ಮಿ.

1989ರ ಫೆಬ್ರವರಿ, ಶಿಕಾಗೊ ಆಟೋ ಶೋ. ಕಾರಿನ ಹೆಸರು ಮಿಯಾಟಾ, ಯುರೋಪಿನಲ್ಲಿ ಎಂಎಕ್ಸ್-5. ಬೆಲೆ 13,800 ಡಾಲರ್. ಡೀಲರ್‌ಗಳು ಮೇಲೆ ಸಾವಿರಾರು ಡಾಲರ್ ಕೇಳಿದ್ರೂ ಜನ ಕೊಟ್ಟು ತಗೊಂಡ್ರು. ಛಾವಣಿ ಸೀಟಲ್ಲೇ ಕೂತು ಒಂದೇ ಕೈಲಿ ಹಿಂದಕ್ಕೆ ಎಸೀಬಹುದು. ಮಳೆ ಬಂದ್ರೆ ನೀರು ಒಳಗೆ ಬರಲ್ಲ. ಚಳಿಯ ಬೆಳಿಗ್ಗೆ ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗುತ್ತೆ. ಇದ್ರಲ್ಲಿ ಏನ್ ಮಹಾ ಅಂತೀರಾ? ಇಷ್ಟು ಮಾತ್ರ ತಾನೇ ಬ್ರಿಟಿಷ್ ಕಾರುಗಳಲ್ಲಿ ಇಲ್ಲದ್ದು! ಮಜಾ ಅನ್ನೋದನ್ನ ಮಜ್ದಾ ಕಂಡುಹಿಡೀಲಿಲ್ಲ. ಅದಕ್ಕೆ ಕಟ್ಟಬೇಕಿದ್ದ ದಂಡವನ್ನ ತೆಗೆದುಹಾಕ್ತು, ಅಷ್ಟೇ.

6/7
ಮುಂದಿನದು ಬೇಗ ಹೇಳ್ತೀನಿ. ಫಿಯೆಟ್ ಬಾರ್ಕೆಟ್ಟಾ, ಬಿಎಂಡಬ್ಲ್ಯೂ ಜೆಡ್3, ಪೋರ್ಷೆ ಬಾಕ್ಸ್‌ಸ್ಟರ್, ಮರ್ಸಿಡಿಸ್ ಎಸ್‌ಎಲ್‌ಕೆ, 90ರ ದಶಕದ ಮಧ್ಯದಲ್ಲಿ ಸಾಲುಸಾಲಾಗಿ ಬಂದವು. ಎಂಜಿಯೇ 1995ರಲ್ಲಿ ಎಂಜಿಎಫ್ ತಂದು ತನ್ನ ಹಳೇ ಜಾಗ ವಾಪಸ್ ಕೇಳ್ತು. 2000ದಲ್ಲಿ ಮಿಯಾಟಾ 5.31 ಲಕ್ಷ ದಾಟಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅಂತ ಗಿನ್ನೆಸ್ ಸೇರಿತು. 2016ರಲ್ಲಿ ಹತ್ತು ಲಕ್ಷದ ಕಾರು ಹೊರಬಂತು.

ನಮ್ಮಲ್ಲೂ ಒಂದು ಪ್ರಯತ್ನ ಆಗಿತ್ತು, ತುಂಬಾ ಜನಕ್ಕೆ ಗೊತ್ತಿಲ್ಲ. ಆರನೇ ಫೋಟೋದ ಕೆಂಪು ಕಾರು ಸ್ಯಾನ್ ಸ್ಟಾರ್ಮ್. ಕಂಪನಿ ಬೆಂಗಳೂರಿನದು, ಕಾರು ತಯಾರಾಗಿದ್ದು ಗೋವಾದಲ್ಲಿ. 90ರ ದಶಕದ ಕೊನೆಯ ಮಾತು. ಫೈಬರ್‌ಗ್ಲಾಸ್ ಬಾಡಿ, ರೆನೋದ 1.2 ಲೀಟರ್ ಎಂಜಿನ್, ಸುಮಾರು 60 ಹಾರ್ಸ್‌ಪವರ್. ಹೆಚ್ಚು ಮಾರಾಟ ಆಗ್ಲಿಲ್ಲ. ನನ್ನ ಪ್ರಕಾರ 60 ಹಾರ್ಸ್‌ಪವರ್ ಅಲ್ಲ ಅದರ ಸಮಸ್ಯೆ, ಟಿಸಿಗೆ ಅಷ್ಟೂ ಇರ್ಲಿಲ್ಲವಲ್ಲ. ಮನೆಗೆ ಮೊದಲ ಕಾರು ಬರ್ತಿದ್ದ ಕಾಲದಲ್ಲಿ ಎರಡು ಸೀಟಿನ ಕಾರು ಮಾರೋಕೆ ಹೊರಟಿದ್ದು ಸಮಸ್ಯೆ. ಆದ್ರೂ ಧೈರ್ಯಕ್ಕೆ ಸಲಾಂ.

7/7
ಮಿಯಾಟಾನ ಕಂಪನಿ ಇಲ್ಲಿ ಮಾರಲ್ಲ. ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೊರಟಿರೋ ಸೀನಿಯರ್‌ಗಳಿಗೆ ಮಾತ್ರ ಈ ಕೊನೇ ಭಾಗ. ಹಳೇ ಮೊದಲ ಪೀಳಿಗೆ ನೋಡೋಕೆ ಹೋದ್ರೆ ಪೇಂಟ್ ಹೊಳಪಿಗೆ ಮರುಳಾಗ್ಬೇಡಿ. ಬಾಗಿಲ ಕೆಳಗಿನ ಪಟ್ಟಿ, ಅದ್ರಲ್ಲೂ ಹಿಂದಿನ ಚಕ್ರದ ಮುಂದಿನ ಭಾಗ, ಬಗ್ಗಿ ನೋಡಿ. ಛಾವಣಿ ನೀರು ಇಳಿದುಹೋಗೋ ತೂತು ಕಸದಿಂದ ಮುಚ್ಚಿದ್ರೆ ತುಕ್ಕು ಶುರುವಾಗೋದು ಅಲ್ಲಿಂದಲೇ. 1989-90ರ ಆರಂಭದ ಕಾರಾದ್ರೆ ಕ್ರ್ಯಾಂಕ್‌ಶಾಫ್ಟ್ ಮೂತಿ ಗಿಡ್ಡದ್ದಾ ಉದ್ದದ್ದಾ ಕೇಳಿ, ಗಿಡ್ಡದ್ದು ಸವೆಯುತ್ತೆ ಅನ್ನೋದು ಹಳೇ ದೂರು. ಆಮೇಲೆ ಛಾವಣಿ ತೆಗೆದು ಓಡಿಸಿ ನೋಡಿ, ನನಗೊಂದು ವಿಡಿಯೋ ಕಳ್ಸಿ.