ಅರ್ಧ ಪುಟಕ್ಕೇ ನಿಂತುಹೋಗ್ತಿದ್ದ ಫ್ಯಾಕ್ಸ್

(ಫ್ಯಾಕ್ಸ್ ಯಂತ್ರದ ಸದ್ದು)

ಕೇಳಿದ್ರಲ್ಲ, ಈ ಕೀಂ ಅನ್ನೋ ಸದ್ದು? ನಿಮ್ಮಲ್ಲಿ ಎಷ್ಟೋ ಜನ ಇದನ್ನ ಹಳೇ ಸಿನಿಮಾದಲ್ಲಿ ಮಾತ್ರ ಕೇಳಿರ್ತೀರಿ. ನಾನು ಇದನ್ನ ಕೇಳ್ಕೊಂಡೇ ಬೆಳೆದವನು. ಹನುಮಂತನಗರದ 50 ಅಡಿ ರಸ್ತೆಯಿಂದ ಒಂದು ತಿರುವು ಒಳಗೆ ಬಂದರೆ ನಮ್ಮ ಸೋದರಮಾವನ ಅಂಗಡಿ. ಮೊದಲು ಎಸ್‌ಟಿಡಿ ಬೂತ್, ಆಮೇಲೆ ಜೆರಾಕ್ಸ್, ಜೊತೆಗೆ ಫ್ಯಾಕ್ಸ್.

ಫ್ಯಾಕ್ಸ್ ಅಂದ್ರೆ ಫೋನಿನ ಮರಿ ಅಂದ್ಕೊಂಡಿದ್ದೆ. ಅಲ್ಲ, ಅದು ಫೋನಿನ ಅಣ್ಣ! ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೇನ್ ಇದರ ಮೊದಲ ಪೇಟೆಂಟ್ ಪಡೆದದ್ದು 1843ರಲ್ಲಿ. ಗ್ರಹಾಂ ಬೆಲ್ ಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಆದರೆ ಅಂಗಡಿ ಅಂಗಡಿಗೂ ಫ್ಯಾಕ್ಸ್ ಬರೋಕೆ ದಾರಿಯಾದದ್ದು 1980ರ 'ಗ್ರೂಪ್ 3' ನಿಯಮದಿಂದ. ಯಾವ ಕಂಪನಿಯ ಯಂತ್ರ ಆದರೂ ಇನ್ನೊಂದರ ಜೊತೆ ಮಾತಾಡಬಹುದು, ಎ4 ಪುಟ ಸುಮಾರು ಒಂದು ನಿಮಿಷದಲ್ಲಿ ಹೋಗತ್ತೆ. ನಮ್ಮ ದೇಶದಲ್ಲಿ ಎಸ್‌ಟಿಡಿ ಬೂತುಗಳು ಹಬ್ಬಿದ ಹಾಗೆ, ಅವುಗಳ ಮೂಲೆಯಲ್ಲಿ ಈ ಯಂತ್ರವೂ ಬಂದು ಕೂತಿತು.

ಕೆಲವು ವರ್ಷದ ಹಿಂದೆ ಮಾವ ತಾಮ್ರದ ಲೈನ್ ತೆಗೆಸಿ ಫೈಬರ್ ಹಾಕಿಸಿದ್ರು. ನಂಬರ್ ಅದೇ, ಫೋನ್ ಅದೇ, ಮಾತು ಮೊದಲಿಗಿಂತ ಸ್ಪಷ್ಟ. ಆದರೆ ಮಾತು ಹೋಗ್ತಿದ್ದದ್ದು ಇಂಟರ್ನೆಟ್ ಮೇಲೆ. ಅದು ಗೊತ್ತಾಗಿದ್ದು ಫ್ಯಾಕ್ಸ್ ಅರ್ಧ ಪುಟಕ್ಕೆ ನಿಂತಾಗ.

ಆ ದಿನ ಬಂದಿದ್ದು ನಮ್ಮ ಬೀದಿಯ ಒಬ್ಬ ಅಜ್ಜಿ. ಯಜಮಾನರಿಗೆ ಮಾರನೇ ದಿನ ಆಪರೇಷನ್. ವಿಮೆಯವರು ಹಳೇ ರಿಪೋರ್ಟಿನ ಆರು ಪುಟ ಸಂಜೆಯೊಳಗೆ ಬೇಕು, ಅದೂ ಫ್ಯಾಕ್ಸಲ್ಲೇ ಬೇಕು ಅಂದಿದ್ರಂತೆ. ಒಪ್ಪಿಗೆ ಬರದಿದ್ರೆ ಕೈಯಿಂದ ದುಡ್ಡು ಕಟ್ಟಬೇಕು. ಹತ್ತಿರದಲ್ಲಿ ಬೇರೆ ಫ್ಯಾಕ್ಸ್ ಅಂಗಡಿ ಉಳಿದಿರಲಿಲ್ಲ.

"ಹೋಯ್ತೇನೋ ಪುಟ್ಟಾ?"

"ಇನ್ನೊಂದ್ಸಲ ನೋಡ್ತೀನಿ ಅಜ್ಜಿ."

ಮೂರು ಸಲವೂ ಎರರ್. ಮಾವ ಯಂತ್ರದ ತಲೆ ಮೇಲೆ ಎರಡು ತಟ್ಟಿದ್ರು. ಯಂತ್ರದ ತಪ್ಪು ಏನೂ ಇರಲಿಲ್ಲ ಪಾಪ.

ತಪ್ಪು ಎಲ್ಲಿತ್ತು ಅಂತ ಹೇಳ್ತೀನಿ. ಫ್ಯಾಕ್ಸ್ ಕಾಗದದ ಕಪ್ಪು ಬಿಳುಪನ್ನ ಸದ್ದಾಗಿ ಮಾಡಿ ಕಳಿಸತ್ತೆ. ಹಳೇ ಎಕ್ಸ್‌ಚೇಂಜ್ ಪ್ರತಿ ಕರೆಗೂ ಸೆಕೆಂಡಿಗೆ 64 ಸಾವಿರ ಬಿಟ್‌ನ ದಾರಿಯನ್ನ ಮೀಸಲಿಡ್ತಿತ್ತು. ಇಂಟರ್ನೆಟ್ ಫೋನ್ ಹಾಗಲ್ಲ. ಸದ್ದನ್ನ ಸಾಮಾನ್ಯವಾಗಿ ಸೆಕೆಂಡಿಗೆ 50 ತುಂಡಾಗಿ ಕತ್ತರಿಸಿ ಕಳಿಸತ್ತೆ. ಒಂದು ತುಂಡು ತಡವಾದ್ರೆ ಹಿಂದಿನ ಸದ್ದನ್ನೇ ಸ್ವಲ್ಪ ಎಳೆದು ತೇಪೆ ಹಾಕತ್ತೆ. ನಮ್ಮ ಕಿವಿಗೆ ಗೊತ್ತೇ ಆಗಲ್ಲ. ಆದರೆ 14,400 ಬಿಟ್ ವೇಗದಲ್ಲಿ ಓಡೋ ಫ್ಯಾಕ್ಸಿಗೆ ಆ ಒಂದು ತುಂಡು ಅಂದ್ರೆ 288 ಬಿಟ್. ಪುಟದ ಒಂದಷ್ಟು ಗೆರೆ ಮಾಯ! ಇನ್ನು ಜಿ.729 ಅನ್ನೋ ವಿಧಾನ ಸದ್ದನ್ನ 8 ಸಾವಿರ ಬಿಟ್‌ಗೆ ಹಿಂಡತ್ತೆ, ಅದೂ ಮನುಷ್ಯನ ದನಿಯ ಅಳತೆಗೆ. ಯಂತ್ರದ ಕೀಂ ಅದರಲ್ಲಿ ಪೂರ್ತಿ ಕಲಸಿಹೋಗತ್ತೆ.

ಇದಕ್ಕೇ ಅಂತ 1998ರಲ್ಲಿ ಟಿ.38 ಅನ್ನೋ ನಿಯಮ ಬಂತು. ಸದ್ದನ್ನ ಕಳಿಸೋದು ಬೇಡ, ಒಳಗಿನ ಮಾಹಿತಿಯನ್ನೇ ಕಳಿಸೋಣ, ತುಂಡು ಕಳೆದರೆ ಅಂತ ಎರಡೆರಡು ಸಲ ಕಳಿಸೋಣ ಅನ್ನೋ ಲೆಕ್ಕ. ಬುದ್ಧಿವಂತಿಕೆ ಚೆನ್ನಾಗಿದೆ, ಆದರೆ ದಾರಿಯ ಎರಡೂ ತುದಿ ಇದಕ್ಕೆ ಒಪ್ಪಬೇಕು. ನಮ್ಮ ಕಡೆ ಟಿ.38 ಆನ್ ಇತ್ತು. ಆಚೆ ಕಡೆ ಒಪ್ತಿರಲಿಲ್ಲ.

ಸರ್ವಿಸ್ ಹುಡುಗನಿಗೆ ಫೋನ್ ಹಚ್ಚಿದೆ. ಅವನು ಅಲ್ಲಿಂದಲೇ ಟಿ.38 ತೆಗೆದು, ಸದ್ದನ್ನ ಹಿಂಡದೆ 64 ಸಾವಿರ ಬಿಟ್‌ನಲ್ಲೇ ಕಳಿಸೋ ಜಿ.711ಕ್ಕೆ ಹಾಕಿದ. ಮಾತಿಲ್ಲದಾಗ ಲೈನನ್ನ ಮೌನ ಮಾಡೋ ಸೆಟ್ಟಿಂಗ್ ಇತ್ತು, ಅದನ್ನೂ ತೆಗೆದ. ನಾನು ಯಂತ್ರದ ಮೆನುವಿನಲ್ಲಿ ವೇಗವನ್ನ 14,400ರಿಂದ 9,600ಕ್ಕೆ ಇಳಿಸಿದೆ. ಈ ಸಲ ಎರಡು ಪುಟ ಹೋಯ್ತು, ಮೂರನೇದು ನಿಂತಿತು.

ಆಗ ಹೊಳೀತು. ಅಂಗಡಿಯ ಸಿಸಿಟಿವಿ ಇದೇ ಕನೆಕ್ಷನ್‌ನಲ್ಲಿ ದಿನವಿಡೀ ವಿಡಿಯೋ ಮೇಲೆ ಕಳಿಸ್ತಾ ಇತ್ತು. ಆ ನೂಕುನುಗ್ಗಲಲ್ಲಿ ನಮ್ಮ ತುಂಡುಗಳು ಸಿಕ್ಕಿಕೊಳ್ತಿದ್ವು. ಅದರ ವೈರ್ ಕಿತ್ತೆ, ವೈಫೈ ಆಫ್ ಮಾಡಿದೆ. ನಾಲ್ಕೂ ಪುಟ ಒಂದರ ಹಿಂದೆ ಒಂದು ಹೋದವು.

ಇದನ್ನ ಹೇಳುವಾಗ 2018ರ ನವೆಂಬರ್ 21 ನೆನಪಾಗತ್ತೆ. ಸರ್ಕಾರ ರಚಿಸೋ ಪತ್ರ ರಾಜಭವನಕ್ಕೆ ಫ್ಯಾಕ್ಸ್ ಆಗ್ತಿಲ್ಲ ಅಂತ ಮೆಹಬೂಬಾ ಮುಫ್ತಿ ಅದನ್ನ ಟ್ವಿಟರ್‌ನಲ್ಲಿ ಹಾಕಿದ್ರು. ಅದೇ ದಿನ ಜಮ್ಮು ಕಾಶ್ಮೀರ ವಿಧಾನಸಭೆ ವಿಸರ್ಜನೆಯಾಯ್ತು. ನಮ್ಮದು ಅಷ್ಟು ದೊಡ್ಡ ಕಥೆ ಅಲ್ಲ, ಅಜ್ಜಿಗೆ ಮಾತ್ರ ಅದಕ್ಕಿಂತ ದೊಡ್ಡದು.

ಯಂತ್ರ 'ಓಕೆ' ಅಂತ ಚೀಟಿ ಕಕ್ಕಿತು. ಅಜ್ಜಿ ಅದನ್ನ ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕ್ಕೊಂಡ್ರು. ಏಳು ಗಂಟೆ ಹೊತ್ತಿಗೆ ಅಂಗಡಿ ಫೋನ್ ಬಡೀತು. ಅಜ್ಜಿದೇ ದನಿ. ಒಪ್ಪಿಗೆ ಬಂದಿತ್ತು.